ಸುಗುಣಳಿಗಾಗಿ ಮಾಡಿದ ಪ್ರಾರ್ಥನೆ

ಮೊನ್ನೆ ಮಹಾಲಕ್ಷ್ಮಿ ಲೇಔಟಿನಲ್ಲಿ, ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಿಕೊಂಡು ವಾಪಸು ಬರುತ್ತಿದ್ದೆ. ಆಟೋದವರು ಯಾರೂ ನಿಲ್ಲಿಸಲಿಲ್ಲ. ಮೆಟ್ರೋ ಸ್ಟೇಷನ್ನಿನವರೆಗೆ ನಡೆದೇ ಹೋಗೋಣವೆಂದು ಅಡ್ಡರಸ್ತೆಗೆ ತಿರುಗಿದೆ. ಅಲ್ಲಿ ಹೊಂಗೆ ಹೂ ಉದುರಿ ರಸ್ತೆಯ ಅರ್ಧ ಮುಚ್ಚಿಹೋಗಿತ್ತು. ಚಪ್ಪಲಿಗೆ ಸಿಕ್ಕಿ ಜಜ್ಜಿದ ಹೂವಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನಿಂತುಬಿಟ್ಟೆ. ತಲೆ ಎತ್ತಿದರೆ ಎದುರಿಗೇ ಸುಗುಣ ಇದ್ದ ಮನೆ. ಮೊದಲನೇ ಮಹಡಿ, ಹೊರಗಡೆಯಿಂದ ಮೆಟ್ಟಿಲು. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ, ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಒಣಗುತ್ತಿದ್ದವು.

ಹೊಂಗೆ ಹೂ ಕಂಡರೆ ಬೇರೆಯವರಿಗೆ ಯುಗಾದಿ ನೆನಪಾಗುತ್ತದೆ. ನನಗೆ ನೆನಪಾಗುವುದು ಆ ವರ್ಷದ ಲೆಂಟ್. ಅದಕ್ಕೆ ಮುಂಚೆ ನಮ್ಮ ಚರ್ಚಿನ ಸಭೆಯಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡುವವರೆಂದರೆ ಕರುಣಾ ಟೀಚರ್, ಅಂದರೆ ನಾನು. ಅದಾದ ಮೇಲೆ ನಾಲ್ಕು ಜನರ ಮುಂದೆ ಬಾಯಿ ತೆರೆದು ಪ್ರಾರ್ಥಿಸಿಲ್ಲ. ಟೀಚರಿಗೆ ಗಂಟಲಿನ ತೊಂದರೆ ಎಂದು ಅರ್ಧ ಸಭೆ ನಂಬಿಕೊಂಡಿದೆ. ಒಬ್ಬರು ಜ್ಯೇಷ್ಠಮಧು ಕೂಡ ತಂದುಕೊಟ್ಟರು. ನಾನೂ ತೆಗೆದುಕೊಂಡೆ, ಏನು ಹೇಳಲಿ?

ಮೂವತ್ತೊಂದು ವರ್ಷ ರಾಜಾಜಿನಗರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಮಾತು ನನಗೆ ಕಷ್ಟವಲ್ಲ. ಕಣ್ಣು ಮುಚ್ಚಿ 'ಪರಲೋಕದ ತಂದೆಯೇ' ಎಂದರೆ ಸಾಕು, ಮುಂದಿನದು ತಾನಾಗಿ ಬರುತ್ತಿತ್ತು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಒಂದು ಕ್ಷಣ ನಿಲ್ಲಬೇಕು, ಎಲ್ಲಿ 'ಕರ್ತನೇ' ಎಂದು ಎರಡು ಸಲ ಕರೆಯಬೇಕು, ಎಲ್ಲ ಗೊತ್ತಿತ್ತು. ಗೊತ್ತಿತ್ತು ಎಂಬುದು ಆಗ ಗೊತ್ತಿರಲಿಲ್ಲ. ದೇವರು ಕೊಟ್ಟ ವರ ಎಂದು ಎಲ್ಲರೂ ಹೇಳುತ್ತಿದ್ದರು, ನಾನು ಬೇಡವೆನ್ನಲಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮಗೆ ಲೆಂಟ್. ಯೇಸುವಿನ ಶ್ರಮೆಯನ್ನು, ಅಂದರೆ ಅವನು ಪಟ್ಟ ಯಾತನೆಯನ್ನು, ನೆನೆಯುವ ಕಾಲ. ಆಗ ಕಾಟೇಜ್ ಪ್ರೇಯರ್ ಎಂದು ದಿನಕ್ಕೊಂದು ಮನೆಯಲ್ಲಿ ಸಂಜೆ ಸೇರುತ್ತೇವೆ. ಇವತ್ತು ಬಸವೇಶ್ವರನಗರ, ನಾಳೆ ವಿಜಯನಗರ, ನಾಡಿದ್ದು ನಂದಿನಿ ಲೇಔಟ್. ಸೋಫಾ ಗೋಡೆಗೆ ತಳ್ಳಿ, ಪಕ್ಕದ ಮನೆಯಿಂದಲೂ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ಎರಡು ಹಾಡು, ಬೈಬಲಿನಿಂದ ಒಂದು ವಾಕ್ಯಪಾಠ, ಪಾಸ್ಟರ್ ಅವರ ಸಂದೇಶ. ಆಮೇಲೆ ಯಾರಿಗೆ ಯಾವ ಕಷ್ಟವಿದೆಯೋ ಹೇಳಿಕೊಳ್ಳುತ್ತಾರೆ: ಮಗನಿಗೆ ಕೆಲಸ, ಅತ್ತೆಯ ಮಂಡಿನೋವು, ಮಗಳ ಪರೀಕ್ಷೆ. ಎಲ್ಲವನ್ನೂ ಸೇರಿಸಿ ಒಬ್ಬರು ಪ್ರಾರ್ಥಿಸಬೇಕು. ಆ ಒಬ್ಬರು ಸಾಮಾನ್ಯವಾಗಿ ನಾನೇ. ಕೊನೆಗೆ ಕಾಫಿ, ಖಾರಾಬೂಂದಿ.

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಮನೆ ಮಾಲೀಕರಾದ ಗೌರಮ್ಮ ಇದ್ದಾರೆ. ದಾವಣಗೆರೆ ಕಡೆಯವರು, ಲಿಂಗಾಯತರು. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಅರ್ಧ ಗಂಟೆ ಸದ್ದಿಲ್ಲ. ನಮ್ಮ ಮನೆಯಲ್ಲಿ ಪ್ರಾರ್ಥನೆಯಾದ ಮಾರನೆಯ ದಿನ ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋದಾಗ ನಗುತ್ತಾ ಕೇಳಿದ್ದರು, "ಅಲ್ರೀ ಟೀಚರ್, ನಿಮ್ ದೇವ್ರಿಗೆ ಕಿವಿ ಸ್ವಲ್ಪ ಮಂದ ಏನ್ರಿ? ಯಾರ್ ಮನ್ಯಾಗೆ ಏನ್ ತೊಂದ್ರೆ ಐತಿ ಅಂತ ನಂಗೂ ಬಾಯಿಪಾಠ ಆಗೇತಿ." ನಾನೂ ನಕ್ಕೆ. ಮನೆಗೆ ಬಂದು ನಮ್ಮವರಿಗೂ ಹೇಳಿ ನಗಿಸಲು ನೋಡಿದೆ, ಅವರು ನಗಲಿಲ್ಲ. ಸ್ಯಾಮ್ಯುಯೆಲ್ ಮೊದಲಿಂದಲೂ ಹಾಗೆ. ಇಂಡಸ್ಟ್ರಿಯಲ್ ಎಸ್ಟೇಟಿನ ವರ್ಕ್‌ಶಾಪಿನಲ್ಲಿ ಲೇತ್ ಹಿಡಿದು ಬದುಕು ಕಳೆದವರು, ಊಟಕ್ಕೆ ಮುಂಚೆ ಒಂದು ಸಾಲು ಹೇಳಿ ತಟ್ಟೆಗೆ ಕೈಹಾಕುವವರು. ಇವರಿಗೆ ಭಕ್ತಿ ಸ್ವಲ್ಪ ಕಡಿಮೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಸುಗುಣ ನನಗಿಂತ ಹದಿನೈದು ವರ್ಷ ಚಿಕ್ಕವಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲಿನಲ್ಲಿ ಆರೇಳು ವರ್ಷದ ಮಕ್ಕಳ ಕ್ಲಾಸು ಅವಳದು, ಅದೂ ಮದುವೆಯಾಗಿ ಈ ಸಭೆಗೆ ಬಂದಾಗಿನಿಂದ. ಕೊರೋನಾದ ಎರಡನೇ ಅಲೆಯಲ್ಲಿ ಅವಳ ಗಂಡ ಜಯಕುಮಾರ್ ಆಸ್ಪತ್ರೆ ಸೇರಿದಾಗ ನಮ್ಮ ಸಭೆಯವರು ಫೋನಿನಲ್ಲೇ ಸರಪಳಿ ಪ್ರಾರ್ಥನೆ ನಡೆಸಿದ್ದೆವು. ಗಂಟೆಗೊಬ್ಬರಂತೆ, ಬಿಡದೆ. ನಾನು ದಿನಕ್ಕೆ ಎರಡು ಗಂಟೆ ತೆಗೆದುಕೊಂಡಿದ್ದೆ. ಆಸ್ಪತ್ರೆಯ ಹೊರಗೆ ಒಬ್ಬಳೇ ನಿಂತಿದ್ದ ಅವಳಿಗೆ ಫೋನು ಮಾಡಿ ಪ್ರಾರ್ಥಿಸುತ್ತಿದ್ದೆ. ಒಂಬತ್ತನೆಯ ದಿನ ಜಯಕುಮಾರ್ ತೀರಿಕೊಂಡ. ಮುಖ ನೋಡಲೂ ಬಿಡಲಿಲ್ಲ. ಅವಳು ಮೂರನೆಯ ಭಾನುವಾರ, ಆಗ ಫೋನಿನಲ್ಲೇ ನಡೆಯುತ್ತಿದ್ದ ಕ್ಲಾಸಿಗೆ ಬಂದಳು. ಎಂಥ ವಿಶ್ವಾಸ ಎಂದು ಎಲ್ಲರೂ ಕೊಂಡಾಡಿದರು, ನಾನು ಎಲ್ಲರಿಗಿಂತ ಹೆಚ್ಚು ಕೊಂಡಾಡಿದೆ.

ಇದಾಗಿ ಮೂರು ವರ್ಷಕ್ಕೆ ಬಂದದ್ದು ನಾನು ಹೇಳುತ್ತಿರುವ ಲೆಂಟ್. ಆ ಬೇಸಿಗೆ ನೀರಿಲ್ಲದ ಬೇಸಿಗೆ. ಫೆಬ್ರವರಿಯಲ್ಲೇ ಬೋರ್‌ವೆಲ್‌ಗಳು ಕೈಕೊಟ್ಟವು. ಬೀದಿಬೀದಿಯಲ್ಲಿ ಟ್ಯಾಂಕರ್, ಬಿಂದಿಗೆ, ಜಗಳ. ಸುಗುಣ ಇದ್ದ ಕಟ್ಟಡಕ್ಕೆ ವಾರಕ್ಕೆ ಎರಡು ದಿನ ನೀರು, ಅದೂ ಅರ್ಧ ಗಂಟೆ. ನಮ್ಮಲ್ಲಿ ಗೌರಮ್ಮನವರ ಹಳೆಯ ಸಂಪು ದೊಡ್ಡದಿತ್ತು. ಶನಿವಾರ ಬಟ್ಟೆ ತಂದು ಒಗೆದುಕೊಂಡು ಹೋಗು ಎಂದು ನಾನೇ ಅವಳಿಗೆ ಹೇಳಿದ್ದೆ. ಗೌರಮ್ಮನೂ, ಬರ್ಲಿ ಬಿಡ್ರಿ, ಒಬ್ಬಾಕಿ ಬಟ್ಟೆಗೆ ಎಷ್ಟ್ ನೀರ್ ಹೋಗ್ತಾವೆ, ಎಂದಿದ್ದರು.

ಎರಡನೆಯ ಶನಿವಾರ ಮಧ್ಯಾಹ್ನ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಿಂತು ಅವಳ ಬೆಡ್‌ಶೀಟಿನ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ಹಿಂಡುತ್ತಿದ್ದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಅವಳು ಹಿಂಡುವುದನ್ನು ನಿಲ್ಲಿಸಿದಳು.

"ಅಕ್ಕ, ಒಂದು ಮಾತು. ನಿಮ್ಮೊಳಗೇ ಇರ್ಲಿ. ನನಗೆ ಪ್ರಾರ್ಥನೆ ಮಾಡಕ್ಕೆ ಆಗ್ತಿಲ್ಲ. ಎಲ್ಲರ ಜೊತೆ ಬಾಯಿ ಆಡಿಸ್ತೀನಿ. ಕಣ್ಣು ಮುಚ್ಚಿದ್ರೆ ಅಲ್ಲಿ ಯಾರೂ ಇರಲ್ಲ."

ಎಷ್ಟು ದಿನದಿಂದ ಎಂದು ಕೇಳಿದೆ. ಜಯ ಹೋದಾಗಿನಿಂದ ಎಂದಳು. ಮತ್ತೆ ಮಕ್ಕಳಿಗೆ ಹೇಗೆ ಕಲಿಸುತ್ತೀಯಾ ಎಂದು ನನ್ನ ಬಾಯಿಂದ ಬಂತು. ಕೇಳಬೇಕಾದ ಪ್ರಶ್ನೆಯೇ ಅದು, ಹೇಳಿ?

"ಮಕ್ಕಳಿಗೆ ನಾನು ಸುಳ್ಳು ಹೇಳಲ್ಲ ಅಕ್ಕ. ಕಥೆ ಹೇಳ್ತೀನಿ, ಅಷ್ಟೆ. ಅವರಿಗೆ ಹೇಳೋವಾಗ ಮಾತ್ರ ಒಂಚೂರು ಏನೋ ಹತ್ರ ಇದೆ ಅನ್ಸುತ್ತೆ. ನನಗೆ ಉಳಿದಿರೋದು ಅದೊಂದೇ."

ನಾನು ಬೆಡ್‌ಶೀಟನ್ನು ಬಕೆಟ್ಟಿಗೆ ಹಾಕಿ, ಅವಳ ಎರಡೂ ಒದ್ದೆ ಕೈ ಹಿಡಿದುಕೊಂಡು, ಬಾ ಪ್ರಾರ್ಥನೆ ಮಾಡೋಣ ಎಂದೆ. ಪ್ರಾರ್ಥನೆ ಬರುತ್ತಿಲ್ಲ ಎನ್ನುವವಳಿಗೆ ಹತ್ತು ನಿಮಿಷದ ಪ್ರಾರ್ಥನೆ! ಹಸಿವಿಲ್ಲ ಎಂದವಳಿಗೆ ಒತ್ತಾಯ ಮಾಡಿ ಬಡಿಸಿದ ಹಾಗೆ. ಮುಗಿಸಿ ಕಣ್ಣು ತೆರೆದಾಗ ಅವಳು ಕಣ್ಣು ಬಿಟ್ಟುಕೊಂಡೇ ನಿಂತಿದ್ದಳು, ನನ್ನನ್ನೇ ನೋಡುತ್ತಾ. ಥ್ಯಾಂಕ್ಸ್ ಅಕ್ಕ ಎಂದು ಬಟ್ಟೆ ಎತ್ತಿಕೊಂಡು ಹೋದಳು. ನನಗಂತೂ ಒಳ್ಳೆಯ ಕೆಲಸ ಮಾಡಿದ ಸಮಾಧಾನವಾಗಿತ್ತು.

ನಾಲ್ಕನೆಯ ವಾರ ನಂದಿನಿ ಲೇಔಟಿನಲ್ಲಿ, ನಮ್ಮ ಸಭೆಯ ಕಾರ್ಯದರ್ಶಿಯವರ ಮನೆಯಲ್ಲಿ ಕಾಟೇಜ್ ಪ್ರೇಯರ್. ಇಪ್ಪತ್ತೈದು ಜನ. ಸುಗುಣ ಬಂದಿರಲಿಲ್ಲ, ಅವತ್ತು ಅವಳಿಗೆ ಸಂಜೆ ಶಿಫ್ಟು. ಕರೆಂಟಿದ್ದರೂ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಜನ ಟ್ಯಾಂಕರಿಗೆ ಕಾದು ಸುಸ್ತಾಗಿ ಬಂದವರು. ನಾನು ಪ್ರಾರ್ಥನೆ ಶುರು ಮಾಡಿದೆ. ಮಳೆಗಾಗಿ ಬೇಡಿಕೊಂಡೆ, ಮಂಡಿನೋವಿಗೆ, ಪರೀಕ್ಷೆಗೆ, ವೀಸಾಕ್ಕೆ. ಪ್ರಾರ್ಥನೆ ಏರಲೇ ಇಲ್ಲ. ಪ್ರಾರ್ಥನೆ ಮಾಡುವವರಿಗೆ ಇದು ಗೊತ್ತಾಗುತ್ತದೆ, ಭಾಷಣ ಮಾಡುವವರಿಗೆ ಗೊತ್ತಾಗುವಂತೆಯೇ. ಯಾರೋ ಕೆಮ್ಮಿದರು, ಯಾರೋ ಕುರ್ಚಿ ಸರಿಸಿದರು. 'ಹೌದು ಕರ್ತನೇ' ಎಂದು ಯಾರೂ ದನಿಗೂಡಿಸಲಿಲ್ಲ. ನನಗೆ ಬೇಕಾಗಿತ್ತು ಅದು. ಈಗ ಮುಚ್ಚುಮರೆ ಯಾಕೆ, ನನಗೆ ಆ ದನಿ ಬೇಕಾಗಿತ್ತು. ಕಣ್ಣು ಮುಚ್ಚಿಕೊಂಡೇ ಏನಾದರೂ ಸಿಗುತ್ತದೆಯೇ ಎಂದು ಒಳಗೆ ಹುಡುಕಿದೆ. ಸುಗುಣ ಸಿಕ್ಕಳು.

"ಕರ್ತನೇ, ನಮ್ಮ ಸಹೋದರಿ ಸುಗುಣಳನ್ನು ನಿನ್ನ ಪಾದದಲ್ಲಿಡುತ್ತೇವೆ. ನಮ್ಮ ಮಕ್ಕಳಿಗೆ ನಿನ್ನ ಕಥೆ ಹೇಳುವ ಆ ಬಾಯಿಗೆ ನಿನ್ನನ್ನು ಕರೆಯಲು ಆಗುತ್ತಿಲ್ಲ. ಕಣ್ಣು ಮುಚ್ಚಿದರೆ ನೀನು ಅವಳಿಗೆ ಕಾಣುತ್ತಿಲ್ಲ. ಕರ್ತನೇ, ಕರ್ತನೇ, ಗಂಡನನ್ನು ಕಳೆದುಕೊಂಡ ನಿನ್ನ ಮಗಳು ನಿನ್ನನ್ನೂ ಕಳೆದುಕೊಳ್ಳದಿರಲಿ."

ಏರಿತು. ಕೋಣೆಯ ತುಂಬ 'ಹೌದು ಕರ್ತನೇ'. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ನನ್ನ ಕಣ್ಣಲ್ಲೂ ನೀರು ಬಂತು. ನಿಜವಾದ ನೀರೇ. ಎಂಥ ಸಂತೋಷವಾಯಿತೆಂದರೆ ಹೇಳಲು ನಾಚಿಕೆಯಾಗುತ್ತದೆ. ಆಮೆನ್ ಎಂದಾಗ ಮೈಯೆಲ್ಲ ಹಗುರವಾಗಿತ್ತು.

ಕಾಫಿ ಲೋಟ ಕೈಗೆ ಬಂದ ಮೇಲೆ ಕಾರ್ಯದರ್ಶಿಯವರ ಹೆಂಡತಿ ಪ್ರೇಮಲತಾ ಪಕ್ಕಕ್ಕೆ ಬಂದು ಮೆಲ್ಲಗೆ, ಸುಗುಣಂಗೆ ಏನಾಗಿದೆ ಟೀಚರ್, ಎಂದು ಕೇಳಿದರು. ನಾನು ಏನು ಮಾಡಿದೆನೆಂದು ಆಗ ಹೊಳೆಯಿತು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಏನಿಲ್ಲ ಎನ್ನಬಹುದಿತ್ತು. ಅದು ಬಿಟ್ಟು, ಪಾಪ ತುಂಬಾ ಹೋರಾಟದಲ್ಲಿದಾಳೆ, ನೀವೂ ಪ್ರಾರ್ಥನೆ ಮಾಡಿ ಎಂದೆ. ಮೊದಲನೆಯದಕ್ಕೆ ಬಾಯಿ ಜಾರಿತು ಎಂಬ ನೆಪವಾದರೂ ಇದೆ. ಇದಕ್ಕೆ ಏನೂ ಇಲ್ಲ.

ಆಮೇಲೆ ನಡೆದದ್ದರಲ್ಲಿ ಯಾರೊಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ. ಎಲ್ಲವೂ ಪ್ರೀತಿಯಿಂದಲೇ ನಡೆಯಿತು. ಸ್ತ್ರೀಸಂಘದ ವಾಟ್ಸಾಪ್ ಗುಂಪಿನಲ್ಲಿ ಅವಳ ಹೆಸರು ಹಾಕಿ ಕೈಮುಗಿದ ಚಿತ್ರ ಕಳಿಸಿದರು. ಆ ಗುಂಪಿನಲ್ಲಿ ಅವಳೂ ಇದ್ದಾಳೆಂಬುದು ಯಾರಿಗೂ ತೋಚಲಿಲ್ಲವೋ, ತೋಚಿಯೂ ಪರವಾಗಿಲ್ಲ ಎನಿಸಿತೋ. ಲ್ಯಾಬಿಗೆ ಫೋನು ಮಾಡಿ ವಾಕ್ಯ ಓದಿ ಹೇಳಿದವರಿದ್ದರು, ಮನೆಗೆ ಹೋಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಬಂದವರಿದ್ದರು. ವಾರದೊಳಗೆ ಇಬ್ಬರು ತಾಯಂದಿರು ಪಾಸ್ಟರ್ ಹತ್ತಿರ ಹೋಗಿ ಕೇಳಿದರಂತೆ: ಅವಳಿಗೇ ವಿಶ್ವಾಸ ಅಲುಗಾಡ್ತಿರೋವಾಗ ಮಕ್ಕಳನ್ನ ಅವಳ ಕೈಲಿ ಹೇಗೆ ಬಿಡೋದು? ಕಮಿಟಿ ಸೇರಿತು. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಮ್ಮ, ನಿನ್ನ ಒಳ್ಳೆಯದಕ್ಕೇ ಹೇಳ್ತಿರೋದು ಎಂದು ಕ್ಲಾಸನ್ನು ಅವಳಿಂದ ತೆಗೆದುಕೊಂಡರು.

ಅದನ್ನು ಕೊಟ್ಟದ್ದು ಯಾರಿಗೆ? ನನಗೆ. ನಾನು ಒಪ್ಪಿಕೊಂಡೆ. ಬೇರೆ ಯಾರೋ ತೆಗೆದುಕೊಳ್ಳುವುದಕ್ಕಿಂತ ನಾನು ನೋಡಿಕೊಂಡು ಆಮೇಲೆ ಅವಳಿಗೇ ವಾಪಸು ಕೊಡಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಆ ಪುಟ್ಟ ಕೋಣೆಗೆ ಹೋದಾಗ ಅವಳು ಕತ್ತರಿಸಿ ಅಂಟಿಸಿದ ದೋಣಿ, ಮೀನು, ಅಲೆಗಳ ಚಿತ್ರ ಗೋಡೆಯ ಮೇಲಿದ್ದವು. ನಾನು ಕಥೆ ಹೇಳಿ, ಇದರಿಂದ ನಾವು ಕಲಿಯಬೇಕಾದ ನೀತಿಯೇನು ಎಂದು ಮೂರು ಅಂಶ ಬಿಡಿಸಿ ಹೇಳಿದೆ. ಎರಡು ಜಡೆಯ ಒಂದು ಹುಡುಗಿ ಕೈ ಎತ್ತಿ, ಸುಗುಣ ಮಿಸ್ ನೀತಿ ಹೇಳಲ್ಲ, ನಿಮಗೇನನ್ಸುತ್ತೆ ಅಂತ ಕೇಳಿ ಸುಮ್ನೆ ಕೂತ್ಕೋತಾರೆ ಎಂದಳು. ಸರಿ, ನಿಮಗೇನನ್ನಿಸುತ್ತದೆ ಎಂದು ನಾನೂ ಕೇಳಿದೆ. ಮಕ್ಕಳು ಯೋಚಿಸತೊಡಗಿದವು. ಸುಮ್ಮನೆ ಕೂರಲು ನನಗೆ ಆಗಲಿಲ್ಲ. ಎರಡು ನಿಮಿಷಕ್ಕೇ ಉತ್ತರ ನಾನೇ ಹೇಳಿಬಿಟ್ಟೆ.

ಅವತ್ತು ನಮ್ಮವರೇ ಸ್ಕೂಟರಿನಲ್ಲಿ ನನ್ನನ್ನು ಮನೆಗೆ ಕರೆತಂದರು. ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ ಕೇಳಿದರು.

"ಸುಗುಣನ ವಿಷಯ ನೀನು ಹೇಳಿದ್ಯಾ?"

"ಹೇಳಲಿಲ್ಲ. ಪ್ರಾರ್ಥನೆ ಮಾಡಿದೆ."

"ಎರಡಕ್ಕೂ ಏನು ವ್ಯತ್ಯಾಸ ಕರುಣಾ?"

ನಲವತ್ತು ವರ್ಷದ ಸಂಸಾರದಲ್ಲಿ ಇವರು ನನಗೆ ಬಯ್ದದ್ದು ಕಡಿಮೆ. ಇದು ಬೈಗುಳವೂ ಅಲ್ಲ. ಅವರು ಒಳಗೆ ಹೋದರು, ನಾನು ಗೇಟಿನ ಕಂಬ ಹಿಡಿದುಕೊಂಡು ಬಿಸಿಲಲ್ಲೇ ನಿಂತಿದ್ದೆ. ಆ ವಾರದಿಂದ ಶನಿವಾರ ಸುಗುಣ ಬಟ್ಟೆ ತರುವುದನ್ನು ನಿಲ್ಲಿಸಿದ್ದಳು. ಗೌರಮ್ಮ ಎರಡು ಸಲ ವಿಚಾರಿಸಿದರು. ನೀರು ಸಾಲಲ್ಲ ಅಂದ್ಲೇನ್ರಿ ಆ ಹುಡುಗಿ, ನಮ್ ಸಂಪಿನಾಗೆ ಐತಲ್ರಿ ಇನ್ನೂ, ಎಂದರು. ನಾನು ಏನೋ ಒಂದು ಹೇಳಿ ಕೆಳಗಿಳಿದು ಬಂದೆ. ಫೋನು ಮಾಡಿದರೆ ಅವಳು ಎತ್ತುತ್ತಿರಲಿಲ್ಲ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಬಂತು. ಎಲ್ಲರ ಕೈಯಲ್ಲೂ ತೆಂಗಿನ ಗರಿ ಮಡಿಸಿ ಮಾಡಿದ ಶಿಲುಬೆ. ಸುಗುಣ ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಅವಳ ಪಕ್ಕದಲ್ಲಿ ಎರಡು ಜನರಷ್ಟು ಜಾಗ ಖಾಲಿ. ದೇವರು ತಮ್ಮ ಬಾಳಿನಲ್ಲಿ ಮಾಡಿದ್ದಕ್ಕೆ ಯಾರಾದರೂ ಸಾಕ್ಷಿ ಹೇಳುವವರಿದ್ದರೆ ಬರಬಹುದು ಎಂದು ಪಾಸ್ಟರ್ ಕರೆದಾಗ ನಾನು ಎದ್ದು ಮುಂದೆ ಹೋದೆ. ಒಬ್ಬರು ನಂಬಿ ಹೇಳಿದ ಮಾತನ್ನು ಪ್ರಾರ್ಥನೆಯ ಹೆಸರಿನಲ್ಲಿ ಬೀದಿಗೆ ತಂದೆ, ತಪ್ಪು ನನ್ನದು, ಅದಕ್ಕೆ ಶಿಕ್ಷೆ ಅವಳಿಗಾಯಿತು, ಕ್ಲಾಸನ್ನು ಅವಳಿಗೆ ವಾಪಸು ಕೊಡಿ ಎಂದೆ. ಹೇಳುವಾಗ ನನ್ನ ದನಿ ನಡುಗಿತು. ಎಲ್ಲಿ ನಡುಗಬೇಕೋ ಅಲ್ಲೇ ನಡುಗಿತು. ಅದು ನನಗೆ ಕೇಳಿಸುತ್ತಿತ್ತು, ಆದರೂ ನಿಲ್ಲಿಸಲು ಆಗಲಿಲ್ಲ.

ಆರಾಧನೆ ಮುಗಿದ ಮೇಲೆ ಎಲ್ಲರೂ ನನ್ನ ಸುತ್ತ ಸೇರಿದರು. ಎಂಥ ತಗ್ಗಿಸಿಕೊಳ್ಳುವ ಮನಸ್ಸು ಟೀಚರ್, ಎಂದರು. ಪ್ರೇಮಲತಾ ನನ್ನನ್ನು ಅಪ್ಪಿಕೊಂಡು ಅತ್ತರು. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಮೆಚ್ಚುಗೆ ಗಳಿಸಿದ ಸಾಕ್ಷಿ ಇನ್ನೊಂದಿಲ್ಲ. ಕ್ಲಾಸಿನ ವಿಷಯ ಮಕ್ಕಳ ಬೇಸಿಗೆ ಶಿಬಿರ ಕಳೀಲಿ, ಆಮೇಲೆ ನೋಡೋಣ ಎಂದರು ಕಾರ್ಯದರ್ಶಿ. ಅವರ ಪಾಲಿಗೆ ನಾನು ಒಳ್ಳೆಯವಳಾಗಿ ಅವಳ ತಪ್ಪನ್ನು ನನ್ನ ಮೇಲೆ ಹಾಕಿಕೊಂಡಿದ್ದೆ. ಜನರ ನಡುವೆ ಕತ್ತು ಚಾಚಿ ನೋಡಿದೆ. ಕೊನೆಯ ಬೆಂಚು ಖಾಲಿಯಾಗಿತ್ತು. ಕ್ಲಾಸು ಅವಳಿಗೆ ವಾಪಸು ಬರಲೇ ಇಲ್ಲ. ಶಿಬಿರ ಮುಗಿಯುವ ಹೊತ್ತಿಗೆ ಅವಳು ಕೆಂಗೇರಿಯಲ್ಲಿ ಅಣ್ಣನ ಮನೆಯ ಹತ್ತಿರ ಮನೆ ಹಿಡಿದು, ಸಭೆಯನ್ನೂ ಬಿಟ್ಟಿದ್ದಳು.

ಅದಕ್ಕೆ ಮುಂಚೆ, ಶುಭ ಶುಕ್ರವಾರದ ಮಾರನೆಯ ದಿನ, ಅವಳ ಮನೆಗೆ ಹೋಗುತ್ತೇನೆ ಎಂದು ಹೊರಟೆ. ನಮ್ಮವರು ಪೇಪರಿನಿಂದ ತಲೆ ಎತ್ತಿ, ಹೋಗು, ಅಲ್ಲಿ ಹೋಗಿ ಪ್ರಾರ್ಥನೆ ಮಾತ್ರ ಮಾಡಬೇಡ ಎಂದರು. ಬೆಳಿಗ್ಗೆ ಹತ್ತು ಗಂಟೆಗೇ ಬಿಸಿಲು ಉರಿಯುತ್ತಿತ್ತು. ಹೊಂಗೆ ಮರದ ಕೆಳಗೆ ಟ್ಯಾಂಕರ್ ನಿಂತಿತ್ತು, ಪೈಪಿನಿಂದ ಸೋರಿದ ನೀರಿಗೆ ಹೂವೆಲ್ಲ ಕೊಳೆತು ವಾಸನೆ ಎದ್ದಿತ್ತು. ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ.

ಸುಗುಣ ಬಾಗಿಲು ತೆರೆದಳು. ಬನ್ನಿ ಎಂದಳು, ಕೂರಿ ಎನ್ನಲಿಲ್ಲ. ಮನೆಯಲ್ಲಿ ಅವಳೊಬ್ಬಳೇ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು, ಹಬ್ಬಕ್ಕೂ ಬಂದಿರಲಿಲ್ಲ. ಅರ್ಧ ತುಂಬಿದ ಬಿಂದಿಗೆಗಳು ಅಡುಗೆಮನೆಯ ಬಾಗಿಲಿನವರೆಗೆ ಸಾಲಾಗಿದ್ದವು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ತಪ್ಪಾಯಿತು ಕಣೇ ಎಂದೆ. ಅವಳು ತಲೆಯಾಡಿಸಿದಳು. ಭಾನುವಾರ ಕೇಳಿದೆ ಅಕ್ಕ, ಚೆನ್ನಾಗಿ ಹೇಳಿದ್ರಿ ಎಂದಳು. ವ್ಯಂಗ್ಯವಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಬರೀ ಸುಸ್ತಾದ ದನಿ.

ಮಕ್ಕಳು ಹೇಗಿದ್ದಾರೆ ಎಂದು ಕೇಳಿದಳು. ನಿನ್ನನ್ನೇ ಕೇಳುತ್ತಿರುತ್ತಾರೆ ಎಂದೆ. ಅವಳು ಗೋಡೆಗೆ ಒರಗಿ ನಿಂತಳು. ಮೂರು ಸಲ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಮೂರು ಸಲವೂ ಮುಚ್ಚಿಕೊಂಡೆ. ಆಮೇಲೆ ಅವಳೇ ಕೇಳಿದಳು.

"ಅಕ್ಕ, ಜಯ ಆಸ್ಪತ್ರೇಲಿದ್ದಾಗ ಫೋನಲ್ಲಿ ಪ್ರಾರ್ಥನೆ ಮಾಡಿದ್ರಲ್ಲ. ಆರನೇ ದಿನ ನೀವು ಹೇಳಿದ್ರಿ, ಕರ್ತನು ನನಗೆ ತೋರಿಸಿದ್ದಾನೆ, ಜಯಕುಮಾರ್ ನಡ್ಕೊಂಡು ಮನೆಗೆ ಬರ್ತಾನೆ ಅಂತ. ನಾನು ಅವತ್ತು ಮನೆಗೆ ಬಂದು ಅವರ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಕಿದೆ. ಆಫೀಸಿನ ಶರ್ಟ್ ಇಸ್ತ್ರಿ ಮಾಡಿಟ್ಟೆ. ನಿಮಗೆ ನಿಜವಾಗ್ಲೂ ತೋರಿಸಿದ್ನಾ?"

ಹೇಳಿದ್ದೇ ನನಗೆ ಮರೆತುಹೋಗಿತ್ತು. ಅವಳು ಕೇಳಿದ ತಕ್ಷಣ ನೆನಪಾಯಿತು. ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಫೋನನ್ನು ಕಿವಿಗೆ ಒತ್ತಿಕೊಂಡು, ಕುಕ್ಕರ್ ಕೂಗದಿರಲಿ ಎಂದು ಒಲೆ ಸಣ್ಣ ಮಾಡಿ ಪ್ರಾರ್ಥಿಸುತ್ತಿದ್ದೆ. ಆ ಕಡೆ ಅವಳು ಅಳುತ್ತಿದ್ದಳು. ನಾನು ಏನು ಹೇಳಿದರೂ ಅಳು ನಿಲ್ಲಲಿಲ್ಲ. ಆಗ ಆ ಮಾತು ಬಂತು. ಅಳು ನಿಂತಿತು. ನಾನು ಆಮೆನ್ ಎಂದು ಹೋಗಿ ಅನ್ನ ನೋಡಿದೆ.

ಹೌದು ಎನ್ನಬಹುದಿತ್ತು. ಅರ್ಥ ಬೇರೆ ಇತ್ತು, ಆತ್ಮಿಕವಾಗಿ ಅವನು ತಂದೆಯ ಮನೆಗೆ ನಡೆದುಹೋದ ಎಂದು ಬಿಡಿಸಿ ಹೇಳಬಹುದಿತ್ತು. ಆ ಮಾತೂ ನಾಲಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅವಳ ಮುಖ ನೋಡಿದೆ. ಒಪ್ಪಿಕೊಂಡರೆ ಇಷ್ಟು ವರ್ಷ ನಾನು ಏನಾಗಿದ್ದೆನೋ ಅದೆಲ್ಲ ಇಲ್ಲೇ ನೆಲದ ಮೇಲೆ ಬೀಳುತ್ತದೆ ಎಂದು ಗೊತ್ತಿತ್ತು.

"ಇಲ್ಲ ಕಣೇ," ಎಂದೆ. "ಏನೂ ತೋರಿಸಲಿಲ್ಲ. ಬಾಯಿಗೆ ಬಂತು, ಹೇಳಿದೆ."

ಅವಳು ನನ್ನನ್ನು ಹೇಗೆ ನೋಡಿದಳೆಂದರೆ, ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಗೋಡೆಗೆ ಒರಗಿದ್ದವಳು ಹಾಗೆಯೇ ಕುಸಿದು ನೆಲದ ಮೇಲೆ ಕೂತಳು.

"ಮೂರು ವರ್ಷದಿಂದ ದೇವರು ನನಗೆ ಸುಳ್ಳು ಹೇಳಿದ ಅಂದ್ಕೊಂಡಿದ್ದೆ," ಎಂದಳು. "ಅದಕ್ಕೇ ಅಕ್ಕ ಅವನ ಹತ್ರ ಮಾತು ಬಿಟ್ಟಿದ್ದು. ಹೇಳಿದ್ದು ನೀವಾ?"

ನಾನು ಅವಳ ಹತ್ತಿರ ಕೂರಲು ಹೋದೆ. ಅವಳು ಕೈ ಅಡ್ಡ ಹಿಡಿದಳು. ಕ್ಷಮಿಸು ಎಂದೆ. ನೀವು ಈಗ ಹೋಗಿ ಅಕ್ಕ, ನಾನು ಒಬ್ಬಳೇ ಇರ್ಬೇಕು ಎಂದಳು. ಎದ್ದು ಬಂದು ನನ್ನ ಹಿಂದೆಯೇ ಬಾಗಿಲು ಹಾಕಿಕೊಂಡಳು, ಚಿಲಕವನ್ನೂ ಹಾಕಿದಳು.

ನಾನು ಹೊರಗೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದೆ. ಕಣ್ಣು ಮಂಜಾಗಿ ಕಾಣಿಸುತ್ತಿರಲಿಲ್ಲ. ಆಗ ಒಳಗಿನಿಂದ ಅವಳ ದನಿ ಕೇಳಿಸಿತು. ಮೊದಲು ಮೆಲ್ಲಗೆ, ಆಮೇಲೆ ಜಗಳದ ದನಿಯಲ್ಲಿ, ಬಹಳ ದಿನ ಮಾತು ಬಿಟ್ಟವರ ಹತ್ತಿರ ಮೊದಲ ಸಲ ಬಾಯಿ ತೆರೆದಾಗ ಬರುವಂಥ ದನಿಯಲ್ಲಿ. "ನೀನಾದ್ರೂ ಹೇಳ್ಬಾರ್ದಿತ್ತಾ? ಮೂರು ವರ್ಷ ಸುಮ್ನೆ ಕೂತಿದ್ಯಲ್ಲ, ನಾನಲ್ಲ ಹೇಳಿದ್ದು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

ಮನೆಯಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ. ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ನಾನು ನಿಂತು ಕೇಳಿಸಿಕೊಳ್ಳಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದ ಹಾಗೆ ಮೆಟ್ಟಿಲಿಳಿದೆ.